ಅರವತ್ತೈದು ಕಿಲೋದ ದೀಪ

ಬಾಗಲಕೋಟೆಯ ನವನಗರದಲ್ಲಿ ನಮಗೆ ಬೇಕಾದವರ ಒಂದು ಮನೆಯಿದೆ. ಹಳೆ ಊರಿನ ಮನೆ ಆಲಮಟ್ಟಿಯ ಹಿನ್ನೀರಿಗೆ ಹೋದ ಮೇಲೆ ಪರಿಹಾರದ ದುಡ್ಡಿನಲ್ಲಿ ಕಟ್ಟಿಸಿದ್ದು. ಕಲಾದಗಿಯಿಂದ ಒಂದಿಷ್ಟು ದಾಳಿಂಬೆ ಕಟ್ಟಿಕೊಂಡು ಈಚೆಗೆ ಅಲ್ಲಿಗೆ ಹೋದಾಗ ಅವರ ಪಡಸಾಲೆಯಲ್ಲಿ ಹೊಸದೊಂದು ದೀಪ ನಿಂತಿತ್ತು. ಮೂಲೆಯಲ್ಲಿ ಇಳಕಲ್ಲಿನ ಕೆಂಪು ಗ್ರಾನೈಟಿನ ಭಾರೀ ತುಂಡು. ಅದರಿಂದ ಮೇಲೆದ್ದು ಬಿಲ್ಲಿನಂತೆ ಬಾಗಿ ಕೋಣೆಯ ನಡುಮಧ್ಯಕ್ಕೆ ಬರುವ ಸ್ಟೀಲಿನ ಪಟ್ಟಿ. ಅದರ ತುದಿಗೆ ಬೋಗುಣಿಯನ್ನು ಬೋರಲು ಹಾಕಿದಂಥ ಅಲ್ಯುಮಿನಿಯಂ ತಲೆ. ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗ ಅಲ್ಲಿನ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಅದನ್ನು ಕಂಡು ಮೋಹಗೊಂಡು ಕೊಂಡಿದ್ದಾನೆ. ಇಟಲಿಯದು, 1960ರ ದಶಕದ್ದು, ‘ವಿಂಟೇಜ್’ ಎಂದು ಅಂಗಡಿಯವನು ಹೇಳಿದನಂತೆ. ಬುಡದ ಅಮೃತಶಿಲೆ ಮೊದಲೇ ಸೀಳಿತ್ತು. ಹುಡುಗ ಮೇಲಿನ ಭಾಗವನ್ನಷ್ಟೇ ತಂದು, ಅಂತರ್ಜಾಲದಲ್ಲಿ ಸಿಕ್ಕ ಚಿತ್ರವನ್ನು ತೋರಿಸಿ ಇಳಕಲ್ಲಿನಲ್ಲಿ ಹೊಸ ಕಲ್ಲು ಕೊಯ್ಯಿಸಿಕೊಂಡಿದ್ದಾನೆ.

ಮನೆಯ ಹಿರಿಯರಾದ ಖಾಲಾ ಅದರ ಬಗ್ಗೆ ಒಂದೇ ಮಾತು ಹೇಳಿದರು: “ಬೀದ್ಯಾಗಿನ ಕಂಬಾ ತಂದು ಮನಿಯಾಗ ಯಾಕ ನಿಲ್ಲಿಸೀರೋ?” ಮೊಮ್ಮಗನಿಗೆ ಮಾತ್ರ ಅದು ಘಟಪ್ರಭೆಯ ದಂಡೆಯಲ್ಲಿ ಕೂತವರು ಹಿಡಿಯುವ ಗಾಳದ ಕೋಲಿನಂತೆ ಕಂಡಿತ್ತು. ಎಲ್ಲರೂ ನಕ್ಕರು. ನಾವೂ ನಕ್ಕೆವು. ಮನೆಗೆ ಬಂದು ಆ ದೀಪದ ಚರಿತ್ರೆಯನ್ನು ತೆಗೆದು ಓದಿದಾಗ, ಅಂದು ಆ ಪಡಸಾಲೆಯಲ್ಲಿ ಸರಿಯಾದ ವಿಮರ್ಶೆ ಮಾಡಿದವರು ಅವರಿಬ್ಬರೇ ಎಂದು ತಿಳಿಯಿತು.

ಈ ದೀಪದ ಹೆಸರು ಆರ್ಕೊ. ಇಟಲಿಯ ಭಾಷೆಯಲ್ಲಿ ಕಮಾನು ಅಥವಾ ಬಿಲ್ಲು ಎಂದರ್ಥ. ಇದನ್ನು 1962ರಲ್ಲಿ ರೂಪಿಸಿದವರು ಮಿಲಾನಿನ ಅಕಿಲೆ ಕಾಸ್ಟಿಲಿಯೋನಿ ಮತ್ತು ಪಿಯೆರ್ ಜಾಕೊಮೊ ಕಾಸ್ಟಿಲಿಯೋನಿ ಎಂಬ ಅಣ್ಣತಮ್ಮಂದಿರು. ಇಬ್ಬರೂ ವಾಸ್ತುಶಿಲ್ಪ ಓದಿದವರು. ತಯಾರಿಸಿದ್ದು ಆಗಷ್ಟೇ ಹುಟ್ಟಿದ್ದ ಫ್ಲೋಸ್ ಎಂಬ ಕಂಪನಿ. ಅವರ ಮುಂದಿದ್ದ ಪ್ರಶ್ನೆ ಬಹಳ ಸಾದಾ. ಊಟದ ಮೇಜಿನ ಮೇಲೆ ನೇರವಾಗಿ ಬೆಳಕು ಬೀಳಬೇಕು, ಆದರೆ ಛಾವಣಿಗೆ ತೂತು ಹಾಕಬಾರದು. ಛಾವಣಿಗೆ ಒಮ್ಮೆ ದೀಪ ತೂಗಿಬಿಟ್ಟರೆ ಮೇಜು ಆ ದೀಪದ ಗುಲಾಮ; ಜಾಗ ಬದಲಿಸುವಂತಿಲ್ಲ. ಹಾಗಾದರೆ ಮೂಲೆಯಲ್ಲಿ ನಿಂತು ಕೋಣೆಯ ನಡುವಿಗೆ ಬಾಗುವ ದೀಪ ಯಾವುದು? ಅವರ ಕಣ್ಣಿಗೆ ಬಿದ್ದದ್ದು ರಸ್ತೆಯ ಅಂಚಿನಲ್ಲಿ ನಿಂತು ರಸ್ತೆಯ ನಡುವಿಗೆ ಬೆಳಕು ಚೆಲ್ಲುವ ಬೀದಿಕಂಬ. ಖಾಲಾ ಅಂದದ್ದೂ ಅದನ್ನೇ. ಇನ್ನು ಆ ಹುಡುಗನ ಗಾಳದ ಮಾತು: ಅದೇ ವರ್ಷ ಅದೇ ಸಹೋದರರು ತೊಯ್ಯೊ ಎಂಬ ಇನ್ನೊಂದು ನೆಲದೀಪ ಮಾಡಿದರು. ಅದರ ತಲೆ ಮೋಟಾರು ಕಾರಿನ ಹೆಡ್‌ಲೈಟು. ಅದರ ತಂತಿಯನ್ನು ಕೋಲಿಗೆ ಹಿಡಿದಿಟ್ಟಿರುವುದು ಮೀನಿನ ಗಾಳದ ಉಂಗುರಗಳು.

ಆರ್ಕೊದ ಭಾಗಗಳನ್ನು ಒಂದೊಂದಾಗಿ ನೋಡಿದರೆ ಅಲ್ಲಿ ಸುಮ್ಮನೆ ಇರುವುದು ಏನೂ ಇಲ್ಲ. ಬೆಳಕಿನ ತಲೆ ಬುಡದಿಂದ ಸುಮಾರು ಎರಡು ಮೀಟರ್ ಆಚೆ ತೂಗುತ್ತದೆ. ಕುರ್ಚಿಯಲ್ಲಿ ಕೂತವರ ಬೆನ್ನ ಹಿಂದೆ ಒಬ್ಬರು ತಟ್ಟೆ ಹಿಡಿದುಕೊಂಡು ಓಡಾಡಲು ಜಾಗ ಉಳಿಯಬೇಕಲ್ಲ, ಅದಕ್ಕೆ. ಅಷ್ಟು ದೂರ ಚಾಚಿದ ತಲೆ ದೀಪವನ್ನೇ ಮುಂದಕ್ಕೆ ಉರುಳಿಸುತ್ತದೆ. ಏತದ ಹಿಂಬದಿಗೆ ಕಲ್ಲು ಕಟ್ಟುವವರಿಗೆ ಈ ಲೆಕ್ಕವನ್ನು ಯಾರೂ ಕಲಿಸಬೇಕಿಲ್ಲ. ಆದ್ದರಿಂದ ಬುಡಕ್ಕೆ ಕರಾರಾದ ಬಿಳಿ ಅಮೃತಶಿಲೆ, ತೂಕ ಸುಮಾರು 65 ಕಿಲೋ. ಒಂದು ಚೀಲ ಸಿಮೆಂಟಿಗಿಂತ ಹದಿನೈದು ಕಿಲೋ ಹೆಚ್ಚು. ಅದೇ ತೂಕಕ್ಕೆ ಸಿಮೆಂಟೋ ಕಬ್ಬಿಣವೋ ಇನ್ನೂ ಅಗ್ಗವಾಗುತ್ತಿತ್ತಲ್ಲ ಎಂದು ನಮಗೂ ಅನ್ನಿಸಿತು. ಆದರೆ ಸಿಮೆಂಟಿನಲ್ಲಿ ಅಷ್ಟೇ ತೂಕಕ್ಕೆ ಗಾತ್ರ ದೊಡ್ಡದಾಗುತ್ತದೆ. ಇಟಲಿಯಲ್ಲಿ ಅಮೃತಶಿಲೆ ನಮ್ಮಲ್ಲಿ ಕಡಪಾ ಕಲ್ಲಿದ್ದಂತೆ, ಕೈಗೆ ಸಿಗುವ ವಸ್ತು. ಕಲ್ಲಿನ ಮೂಲೆಗಳನ್ನು ಕತ್ತರಿಸಿ ಮೊಂಡು ಮಾಡಿದ್ದಾರೆ; ಕಾಲಿಗೆ ಬಡಿಯಬಾರದು. ಸ್ಟೀಲಿನ ಕಮಾನು ಒಂದರೊಳಗೊಂದು ಜಾರುವ ಮೂರು ತುಂಡು, ಬೇಕಾದಂತೆ ಉದ್ದ ಗಿಡ್ಡ ಮಾಡಬಹುದು. ತಂತಿ ಅದರ ಒಳಸಂದಿಯಲ್ಲೇ ಹರಿದುಹೋಗುತ್ತದೆ. ತಲೆಯ ಮೇಲೆ ಸಣ್ಣ ಸಣ್ಣ ತೂತುಗಳಿವೆ, ಬಲ್ಬಿನ ಬಿಸಿ ಹೊರಗೆ ಹೋಗಲು.

ಕಲ್ಲಿನಲ್ಲೂ ಒಂದು ತೂತಿದೆ. ಆರ್ಕೊವನ್ನು ಮೊದಲ ಬಾರಿ ನೋಡಿದವರು ಇದನ್ನು ಅಲಂಕಾರವೆಂದುಕೊಳ್ಳುತ್ತಾರೆ. ಅದು ಕಸಬರಿಗೆಯ ಕೋಲು ತೂರಿಸಲು ಕೊರೆದದ್ದು. ಕೋಲಿನ ಆ ತುದಿ ಒಬ್ಬರು, ಈ ತುದಿ ಒಬ್ಬರು ಹಿಡಿದರೆ ಅರವತ್ತೈದು ಕಿಲೋ ಎದ್ದು ಬರುತ್ತದೆ. ಇಡೀ ದೀಪದಲ್ಲಿ ನಮ್ಮ ಮನಸ್ಸನ್ನು ಸೆಳೆದದ್ದು ಈ ತೂತು. ಒಂದು ವಸ್ತುವನ್ನು ಅಲ್ಲಾಡದಂತೆ ನಿಲ್ಲಿಸಿದವನೇ, ಇದನ್ನು ಎತ್ತಬೇಕಾದ ದಿನ ಬಂದೇ ಬರುತ್ತದೆ, ಅಂದು ಎತ್ತುವವರ ಬೆನ್ನು ಉಳಿಯಬೇಕು ಎಂದೂ ಲೆಕ್ಕ ಹಾಕಿದ್ದಾನೆ. ಅದೂ ಪ್ರತಿ ಮನೆಯಲ್ಲಿ ಇರುವ ವಸ್ತುವನ್ನೇ ನಂಬಿಕೊಂಡು.

ಈ ಬಗೆಯ ವಸ್ತುಗಳಿಗೆ ಇಂದು ‘ಮಧ್ಯ ಶತಮಾನದ ಆಧುನಿಕ ಶೈಲಿ’ ಎಂಬ ಬಿರುದಿದೆ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಊರುಗಳು ನೆಲಸಮವಾಗಿದ್ದವು. ಲಕ್ಷಾಂತರ ಮನೆಗಳನ್ನು ಹೊಸದಾಗಿ ಕಟ್ಟಬೇಕಿತ್ತು. ಮನೆಗಳು ಚಿಕ್ಕವು, ಹಣ ಕಡಿಮೆ, ಕಾರ್ಖಾನೆಗಳಲ್ಲಿ ಉಕ್ಕು, ಅಲ್ಯುಮಿನಿಯಂ, ಪ್ಲೈವುಡ್ ಧಾರಾಳ. ಒಳ್ಳೆಯ ವಸ್ತು ಶ್ರೀಮಂತನ ಸೊತ್ತಾಗಬಾರದು, ಕಾರ್ಖಾನೆಯಲ್ಲಿ ರಾಶಿ ರಾಶಿ ಹುಟ್ಟಿ ಎಲ್ಲರ ಮನೆಗೆ ಹೋಗಬೇಕು ಎಂಬ ಮಾತನ್ನು ಆ ಕಾಲದ ವಾಸ್ತುಶಿಲ್ಪಿಗಳಲ್ಲಿ ಅನೇಕರು ಪ್ರಾಮಾಣಿಕವಾಗಿ ಆಡಿದರು. ಅದೇ ವಸ್ತುಗಳು ಅರವತ್ತು ಎಪ್ಪತ್ತು ವರ್ಷದಲ್ಲಿ ಹರಾಜುಕಟ್ಟೆಯ ಒಡವೆಗಳಾದವು. ‘ವಿಂಟೇಜ್’ ಎಂಬ ಪದದ ಮೂಲವೇ ದ್ರಾಕ್ಷಿಯ ಸುಗ್ಗಿ. ಇಂಥ ವರ್ಷದ ದ್ರಾಕ್ಷಿಯಿಂದ ಇಳಿಸಿದ ಮದ್ಯ ಎಂದು ಬೆಲೆ ಏರಿಸಲು ಬಳಸುತ್ತಿದ್ದ ಮಾತು. ದ್ರಾಕ್ಷಿ ಬೆಳೆಯುವ ನಮ್ಮ ಸೀಮೆಯ ಹುಡುಗ ಅದನ್ನು ದೀಪಕ್ಕೆ ಅಂಟಿಸಿಕೊಂಡು ಮನೆಗೆ ತಂದದ್ದನ್ನು ಖಾಲಾಗೆ ಯಾರೂ ತಿಳಿಸಿಲ್ಲ, ನಾವೂ ತಿಳಿಸಲಿಲ್ಲ.

ಆರ್ಕೊ ಒಳ್ಳೆಯ ದೀಪವೇ? ಮಿಲಾನಿನ ಮಟ್ಟಿಗೆ ಒಳ್ಳೆಯದೇ ಇರಬೇಕು. ನವನಗರದ ಪಡಸಾಲೆಯಲ್ಲಿ ನಾವು ಅದನ್ನು ಪರೀಕ್ಷಿಸಿದ್ದು ರಾತ್ರಿಯ ಊಟಕ್ಕೆ. ಆ ಮನೆಯಲ್ಲಿ ಊಟದ ಮೇಜಿದೆ, ಆದರೆ ನಾಲ್ಕು ಜನ ಬಂದರೆ ನೆಲದ ಮೇಲೆ ದಸ್ತರ್‌ಖಾನ ಹಾಸುವುದೇ ವಾಡಿಕೆ. ದೀಪದ ತಲೆ ಸರಿಯಾಗಿ ದಸ್ತರ್‌ಖಾನದ ಮೇಲೆ ಬಂತು. ಬೆಳಕೂ ಚೆನ್ನಾಗಿ ಬಿತ್ತು. ಆದರೆ ಕೆಳಗೆ ಕೂತವರು ತಲೆ ಎತ್ತಿ ಒಬ್ಬರ ಮುಖ ಒಬ್ಬರು ನೋಡಿದಾಗಲೆಲ್ಲ ಬೋಗುಣಿಯೊಳಗಿನ ಬಲ್ಬು ಕಣ್ಣಿಗೆ ಚುಚ್ಚುತ್ತಿತ್ತು. ಕುರ್ಚಿಯಲ್ಲಿ ಕೂತವನ ಕಣ್ಣಿನ ಎತ್ತರವನ್ನು ಹಿಡಿದು ಆ ಬೋಗುಣಿಯ ಆಳವನ್ನು ಗೊತ್ತು ಮಾಡಿದ್ದಾರೆ. ನೆಲದ ಮೇಲೆ ಕೂತವನ ಕಣ್ಣು ಅವರ ಲೆಕ್ಕದಲ್ಲಿ ಇರಲಿಲ್ಲ. ಇದನ್ನು ದೋಷವೆಂದು ಕಾಸ್ಟಿಲಿಯೋನಿಗಳ ಮೇಲೆ ಹೊರಿಸುವುದು ನ್ಯಾಯವಲ್ಲ. ಪ್ರತಿ ದೀಪದ ಹಿಂದೆಯೂ ಒಂದು ಮನೆ ಇರುತ್ತದೆ. ಆರ್ಕೊದ ಹಿಂದಿನ ಮನೆಯಲ್ಲಿ ಊಟದ ಮೇಜು ಹಗಲು ರಾತ್ರಿ ಅಲ್ಲೇ ಇರುತ್ತದೆ, ಹಾಸಿಗೆ ಬೇರೆ ಕೋಣೆಯಲ್ಲಿ ಇರುತ್ತದೆ, ಚಳಿಗಾಲ ಉದ್ದವಿರುತ್ತದೆ.

ನಮ್ಮ ಮನೆಗಳ ಬೆಳಕಿನ ಕಥೆ ಬೇರೆ. ಕಲಾದಗಿ, ಬಾದಾಮಿ, ಹುನಗುಂದದ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಹಗಲಿನ ದೀಪವೆಂದರೆ ಮೇಲ್ಛಾವಣಿಯ ಬೆಳಕಿಂಡಿ. ಒಂದು ಗೇಣಗಲದ ಆ ತೂತಿನಿಂದ ಬಿದ್ದ ಬಿಸಿಲಿನ ಬಿಲ್ಲೆ ಹೊತ್ತಿನ ಜೊತೆ ನೆಲದ ಮೇಲೆ ಸರಿಯುತ್ತಿತ್ತು. ಹೆಂಗಸರು ಅದನ್ನು ನೋಡಿಯೇ ರೊಟ್ಟಿಗೆ ಹಿಟ್ಟು ಕಲೆಸಲು ಏಳುತ್ತಿದ್ದರು. ರಾತ್ರಿಯ ದೀಪಕ್ಕೆ ಗೋಡೆಯಲ್ಲಿ ಗೂಡು. ನಮ್ಮ ಮನೆಮಾತಿನಲ್ಲಿ ಅದು ತಾಖ್. ಎರಡು ಮೊಳ ದಪ್ಪದ ಗೋಡೆ ಇದ್ದುದರಿಂದ ಗೂಡು ಸಾಧ್ಯವಿತ್ತು. ಗಾಳಿ ದೀಪವನ್ನು ಆರಿಸುತ್ತಿರಲಿಲ್ಲ, ಗೂಡಿನ ಹಿಂಗೋಡೆಗೆ ಬಳಿದ ಸುಣ್ಣ ಬೆಳಕನ್ನು ಮುಂದಕ್ಕೆ ತಳ್ಳುತ್ತಿತ್ತು. ಕುರ್‌ಆನಿನ ನೂರ್ ಅಧ್ಯಾಯದಲ್ಲಿ ಬೆಳಕಿಗೆ ಕೊಟ್ಟ ಉಪಮೆ ಇಂಥದೊಂದು ಗೂಡು, ಅದರೊಳಗೊಂದು ದೀಪ, ದೀಪಕ್ಕೊಂದು ಗಾಜು. ಕೈರೋದ ಮಮ್ಲೂಕರ ಕಾಲದ ಮಸೀದಿಗಳಲ್ಲಿ ತೂಗುತ್ತಿದ್ದ ಗಾಜಿನ ದೀಪಗಳ ಕೊರಳಿಗೆ ಆ ಸಾಲುಗಳನ್ನೇ ಬಣ್ಣದಲ್ಲಿ ಬರೆದಿರುವುದುಂಟು. ಗೂಡು ಎಂಬುದು ಮಣ್ಣಿನ ಮನೆಯ ಬಡತನದ ಗುರುತು ಎಂದುಕೊಂಡವರು ಇದನ್ನು ನೆನೆಯಬೇಕು.

ದೀಪ ಗೂಡಿನಲ್ಲಿಯೇ ಇರುತ್ತಿತ್ತೇ? ಇಲ್ಲ. ಮನುಷ್ಯನ ಜೊತೆ ತಿರುಗಾಡುವುದಕ್ಕೆ ಕಂದೀಲು ಇತ್ತು. 1958ರಲ್ಲಿ ಭಾರತ ಸರಕಾರದ ಕರೆಯ ಮೇರೆಗೆ ಬಂದ ಅಮೆರಿಕದ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ದಂಪತಿ ಒಂದು ವರದಿ ಬರೆದುಕೊಟ್ಟರು. ಚಾರ್ಲ್ಸ್ ಕೂಡ ವಾಸ್ತುಶಿಲ್ಪಿಯೇ. 1961ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಆ ವರದಿಯೇ ಬೀಜ. ಇಡೀ ದೇಶ ಸುತ್ತಿದ ಆ ದಂಪತಿ ಅತ್ಯಂತ ಸುಂದರವೆಂದು ಆರಿಸಿದ್ದು ನೀರಿನ ಲೋಟಾವನ್ನು, ಅಂದರೆ ನಮ್ಮ ತಂಬಿಗೆಯನ್ನು. ತುಂಬಿದಾಗ ಅದರ ತೂಕ ಎಲ್ಲಿ ನಿಲ್ಲುತ್ತದೆ, ಸೊಂಟದ ಮೇಲೆ ಹೇಗೆ ಕೂರುತ್ತದೆ, ಸುರಿಯುವಾಗ ಹೇಗೆ, ತೊಳೆಯುವಾಗ ಹೇಗೆ ಎಂದು ಕೇಳುತ್ತ ಹೋದರು. ತಂಬಿಗೆಯನ್ನು ಒಬ್ಬ ಮನುಷ್ಯ ಕೂತು ರೂಪಿಸಲಿಲ್ಲ, ತಲೆಮಾರುಗಳು ರೂಪಿಸಿದವು ಎಂಬುದು ಅವರ ತಾತ್ಪರ್ಯ.

ಅವರು ಕಂದೀಲನ್ನು ಕೈಗೆತ್ತಿಕೊಂಡಿದ್ದರೆ ಏನು ಕೇಳುತ್ತಿದ್ದರೋ. ಕಂದೀಲು ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ, ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಕಾರ್ಖಾನೆಗಳಲ್ಲಿ ರೂಪು ಪಡೆದದ್ದು. ಆದರೆ ನಮ್ಮಲ್ಲಿ ಬೇರೂರಿತು. ಅದರ ಎರಡೂ ಪಕ್ಕದ ಕೊಳವೆಗಳು ಹಿಡಿಕೆಗೆ ಆಧಾರ ಮಾತ್ರವೆಂದು ನಾವು ಚಿಕ್ಕಂದಿನಲ್ಲಿ ತಿಳಿದಿದ್ದೆವು. ಬತ್ತಿಗೆ ಬೇಕಾದ ಗಾಳಿ ಆ ಕೊಳವೆಗಳ ಮೂಲಕವೇ ಮೇಲಿನಿಂದ ಇಳಿದು ಬರುತ್ತದೆ. ಆದ್ದರಿಂದಲೇ ಹೊರಗಿನ ಬಿರುಗಾಳಿ ಉರಿಯನ್ನು ನೇರವಾಗಿ ಮುಟ್ಟಲಾರದು. ಬತ್ತಿ ಏರಿಸಿ ಇಳಿಸಲು ಒಂದು ತಿರುಪು, ಗಾಜು ಎತ್ತಿ ಕಡ್ಡಿ ಗೀರಲು ಒಂದು ಸನ್ನೆ, ಗಾಜಿಗೆ ಪೆಟ್ಟು ಬೀಳದಂತೆ ತಂತಿಯ ಸುತ್ತು. ತೊಲೆಯ ಮೊಳೆಗೆ ತೂಗಬಹುದು, ದಸ್ತರ್‌ಖಾನದ ಪಕ್ಕಕ್ಕೆ ಇಡಬಹುದು, ರಾತ್ರಿ ತೋಟಕ್ಕೆ ನೀರು ಹಾಯಿಸಲು ಹೋಗುವವನು ಕೈಯಲ್ಲಿ ಹಿಡಿಯಬಹುದು, ಚಕ್ಕಡಿಯ ಮೂಕಿಗೆ ಕಟ್ಟಬಹುದು. ನೆಲದ ಮೇಲೆ ಇಟ್ಟಾಗ ಅದರ ಉರಿ ನೆಲದಿಂದ ಒಂದು ಗೇಣು ಎತ್ತರದಲ್ಲಿ; ಕೂತವನ ಕಣ್ಣಿಗಿಂತ ಕೆಳಗೆ. ಆರ್ಕೊ ಸೋತಲ್ಲಿ ಅದು ಗೆದ್ದಿದೆ. ಹೊಗೆ, ಸೀಮೆಎಣ್ಣೆಯ ವಾಸನೆ, ಮಸಿ ಹಿಡಿದ ಗಾಜನ್ನು ದಿನಾ ಸಂಜೆ ಬೂದಿ ಹಾಕಿ ಉಜ್ಜಬೇಕಾದ ಹೆಣ್ಣುಮಕ್ಕಳ ಪಾಡು, ಆ ಬೆಳಕಿನಲ್ಲಿ ಓದಿ ಕೆಟ್ಟ ಕಣ್ಣುಗಳು – ಇವನ್ನೂ ಹೇಳಲೇಬೇಕು. ಕಂದೀಲಿನ ಬಗ್ಗೆ ಹಾಡಿ ಹೊಗಳುವವರು ಸಾಮಾನ್ಯವಾಗಿ ಅದರ ಗಾಜು ಉಜ್ಜಿದವರಲ್ಲ.

ವಿದ್ಯುತ್ತು ಬಂದಾಗಲೂ ನಮ್ಮ ಜನ ಸುಮ್ಮನೆ ಕೂರಲಿಲ್ಲ. ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೆ ಬಂದದ್ದು ಒಂದೇ ಬಲ್ಬು. ಮನೆಗೆ ಎರಡು ಅಂಕಣ, ಬಲ್ಬು ಒಂದು. ಎಷ್ಟೋ ಮನೆಗಳಲ್ಲಿ ಅಡ್ಡಗೋಡೆಯ ಮೇಲ್ಭಾಗದಲ್ಲಿ ಕಿಂಡಿ ಕೊರೆದು ಅದರಲ್ಲಿ ಬಲ್ಬು ತೂಗಿದರು. ಈ ಕಡೆ ಒಲೆಗೆ ಬೆಳಕು, ಆ ಕಡೆ ಓದುವ ಹುಡುಗನಿಗೆ ಬೆಳಕು. ಛಾವಣಿಗೆ ತೂತು ಹಾಕದೆ ಮೇಜಿಗೆ ಬೆಳಕು ತಂದ ಮಿಲಾನಿನ ಬುದ್ಧಿವಂತಿಕೆಗೂ ಗೋಡೆಗೆ ತೂತು ಹಾಕಿ ಎರಡು ಕೋಣೆಗೆ ಬೆಳಕು ತಂದ ಈ ಬುದ್ಧಿವಂತಿಕೆಗೂ ಜಾತಿಭೇದವಿಲ್ಲ ಎಂದು ನಮ್ಮ ಅಭಿಪ್ರಾಯ. ಆರ್ಕೊ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ.

ಇನ್ನೂ ಹಿಂದಕ್ಕೆ ಹೋಗುವುದಾದರೆ ನಮ್ಮ ಸೀಮೆ ಬೆಳಕನ್ನು ಕಟ್ಟಡದೊಳಗೆ ಕರೆತರುವುದರಲ್ಲಿ ಹಳೆಯ ಪಳಗಿದ ಸೀಮೆ. ಐಹೊಳೆಯ ಒಂದು ಗುಡಿಗೆ ಲಾಡಖಾನ ಗುಡಿ ಎಂದು ಹೆಸರು, ಲಾಡ್ ಖಾನ್ ಎಂಬಾತ ಒಂದು ಕಾಲಕ್ಕೆ ಅದರಲ್ಲಿ ವಾಸವಾಗಿದ್ದರಿಂದ. ಅದರ ಕಲ್ಲಿನ ಜಾಲಂಧ್ರಗಳಿಂದ ಸೋಸಿ ಬರುವ ತಂಪು ಬೆಳಕನ್ನು ನೋಡಿದವರಿಗೆ ಆತ ಅಲ್ಲಿ ಏಕೆ ಸಂಸಾರ ಹೂಡಿದನೆಂದು ತಿಳಿಯುತ್ತದೆ. ಬಾದಾಮಿಯ ಬನಶಂಕರಿಯ ಹೊಂಡದ ಬಳಿ ಕಲ್ಲಿನ ದೀಪಸ್ತಂಭಗಳಿವೆ. ನೆಲದ ಮೇಲೆ ನಿಂತ ದೀಪವೆಂದರೆ ನಿಜಕ್ಕೂ ಅವೇ. ವಿಜಾಪುರದ ಇಬ್ರಾಹಿಂ ರೋಜಾದಲ್ಲಿ ಮಲಿಕ್ ಸಂದಲ್ ಎಂಬ ವಾಸ್ತುಶಿಲ್ಪಿ ಕಿಟಕಿಗಳ ಕಲ್ಲಿನಲ್ಲಿ ಅಕ್ಷರಗಳನ್ನೇ ಕೊರೆದು, ಆ ಅಕ್ಷರಗಳ ಸಂದಿಯಿಂದ ಬೆಳಕು ಒಳಬರುವಂತೆ ಮಾಡಿದ. ಬಾಗಲಕೋಟೆಯ ಹುಡುಗನಿಗೆ ಮಿಲಾನಿನ ಅಣ್ಣತಮ್ಮಂದಿರ ಹೆಸರು ಗೊತ್ತಿತ್ತು. ಮಲಿಕ್ ಸಂದಲ್‌ನ ಹೆಸರು ಹೇಳಿದಾಗ ಅವನು ಫೋನಿನಲ್ಲಿ ಹುಡುಕಿದ. ತಪ್ಪು ಅವನದೊಬ್ಬನದೇ ಅಲ್ಲ; ನಮ್ಮ ಯಾವ ಶಾಲೆಯ ಪುಸ್ತಕ ಅದನ್ನು ಅವನಿಗೆ ಕಲಿಸಿತ್ತು?

ವಾಸ್ತುಶಿಲ್ಪಿ ಮಾಡಿದ ದೀಪ ಎಂದಾಗ ಇನ್ನೊಂದನ್ನು ಬಿಡುವಂತಿಲ್ಲ. ಲ ಕಾರ್ಬೂಸಿಯೆ 1952ರಲ್ಲಿ ಕಾಂಕ್ರೀಟಿನ ಒಂದು ನೆಲದೀಪ ರೂಪಿಸಿದರು. ಮೊಳಕಾಲೆತ್ತರದ ಕಾಂಕ್ರೀಟಿನ ದಿಂಡು, ಅದರ ಮೇಲೆ ಕೆಳಮುಖವಾಗಿ ಬೆಳಕು ಚೆಲ್ಲುವ ಕಾಂಕ್ರೀಟಿನದೇ ಹೆಡೆ. ಫ್ರಾನ್ಸಿನ ಮಾರ್ಸೇಯ ವಸತಿ ಕಟ್ಟಡಕ್ಕೆಂದು ಹುಟ್ಟಿದ ಈ ದೀಪ ಚಂಡೀಗಢದ ಸುಖನಾ ಕೆರೆಯ ದಂಡೆಗೂ ಭಾಕ್ರಾ ಅಣೆಕಟ್ಟಿಗೂ ಬಂತು. ಈಗ ಅದನ್ನು ಯುರೋಪಿನ ಕಂಪನಿಯೊಂದು ಮತ್ತೆ ತಯಾರಿಸಿ ಮಾರುತ್ತಿದೆ. ಚಂಡೀಗಢದ ಸರಕಾರಿ ಕಚೇರಿ, ಕಾಲೇಜುಗಳಿಗೆಂದು ಕಾರ್ಬೂಸಿಯೆಯ ದಾಯಾದಿ ಪಿಯರ್ ಜನ್ನರೆ ಮಾಡಿಸಿದ ತೇಗ ಮತ್ತು ಬೆತ್ತದ ಕುರ್ಚಿಗಳ ಕಥೆ ಇನ್ನೂ ಕಟು. ಕಾಲು ಮುರಿದವೆಂದು ಕಚೇರಿಗಳು ಅವನ್ನು ಗುಜರಿಯ ದರಕ್ಕೆ ಹರಾಜು ಹಾಕಿದವು. ವಿದೇಶದ ವ್ಯಾಪಾರಿಗಳು ಕೊಂಡು, ಹೊಳಪು ಕೊಟ್ಟು, ಪ್ಯಾರಿಸ್ ಲಂಡನ್ನುಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಮಾರಿದರು. ಊರಿನ ನಕ್ಷೆ ಕೆತ್ತಿದ ಚರಂಡಿಯ ಮುಚ್ಚಳಗಳು ಕೂಡ ಹಡಗು ಹತ್ತಿದವು. ಕೇಂದ್ರ ಗೃಹ ಸಚಿವಾಲಯ ಈ ಮಾರಾಟವನ್ನು ತಡೆಯಲು ಆದೇಶ ಹೊರಡಿಸಿದ್ದು 2011ರಲ್ಲಿ, ಸಾಕಷ್ಟು ಸಾಗಿಹೋದ ಮೇಲೆ. ಏಮಿ ಸೀಗಲ್ ಎಂಬಾಕೆ 2013ರಲ್ಲಿ ಮಾಡಿದ ‘ಪ್ರೊವೆನೆನ್ಸ್’ ಎಂಬ ಚಿತ್ರ ಆ ಕುರ್ಚಿಗಳ ಜಾಡನ್ನು ಶ್ರೀಮಂತರ ಮನೆಗಳಿಂದ ಹಿಡಿದು ಚಂಡೀಗಢದವರೆಗೆ ಹಿಮ್ಮುಖವಾಗಿ ಅನುಸರಿಸುತ್ತದೆ.

ಚಂಡೀಗಢದ ಮಾತು ಬಾಗಲಕೋಟೆಯವರಿಗೆ ದೂರದ್ದಲ್ಲ. ಅಣೆಕಟ್ಟೂ ನಮಗಿದೆ, ವಾಸ್ತುಶಿಲ್ಪಿ ಬರೆದ ಊರೂ ನಮಗಿದೆ. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಬಾಗಲಕೋಟೆ ಪಟ್ಟಣಾಭಿವೃದ್ಧಿ ಪ್ರಾಧಿಕಾರ 1980ರ ದಶಕದಲ್ಲಿ ಬಂತು, ನವನಗರದ ಯೋಜನೆಯನ್ನು ಮಾಡಿದವರು ಚಾರ್ಲ್ಸ್ ಕೊರಿಯಾ. 2015ರಲ್ಲಿ ತೀರಿಕೊಂಡ ಕೊರಿಯಾ ನಮ್ಮ ದೇಶದ ದೊಡ್ಡ ವಾಸ್ತುಶಿಲ್ಪಿಗಳಲ್ಲಿ ಒಬ್ಬರು. ಬಿಸಿಲುನಾಡಿನಲ್ಲಿ ಮನುಷ್ಯ ಕೋಣೆಯೊಳಗೆ ಬದುಕುವುದಿಲ್ಲ, ಹೊತ್ತಿಗೊಂದು ಜಾಗ, ಋತುವಿಗೊಂದು ಜಾಗ ಹುಡುಕಿಕೊಳ್ಳುತ್ತಾನೆ, ಬಯಲಿಗೆ ತೆರೆದ ಅಂಗಳ ಮತ್ತು ಮಾಳಿಗೆ ಕೂಡ ಕೋಣೆಯೇ ಎಂದು ಜೀವಮಾನವಿಡೀ ಹೇಳಿದವರು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹಾಸಿಗೆ ಹೊತ್ತುಕೊಂಡು ಹೋಗುವ ನಮಗೆ ಇದು ಹೊಸ ಮಾತಲ್ಲ. ಆದರೆ ಹೇಳುವ ವಾಸ್ತುಶಿಲ್ಪಿಗಳು ಕಡಿಮೆ. ಅವರ ಕಾಗದದ ಮೇಲಿನ ಊರಿಗೂ ಸೆಕ್ಟರ್ ನಂಬರುಗಳಲ್ಲಿ ಬೆಳೆದು ನಿಂತ ಊರಿಗೂ ನಡುವೆ ಸರಕಾರ, ಕಂತ್ರಾಟುದಾರರು, ಪರಿಹಾರದ ಮೊತ್ತ ಮತ್ತು ಜನರ ಅವಸರ ಎಲ್ಲವೂ ಬಂದು ಕೂತವು. ಹಳೆ ಬಾಗಲಕೋಟೆ ಪೂರ್ತಿ ಮುಳುಗಲಿಲ್ಲ, ಅರ್ಧ ಉಳಿಯಿತು. 2010ರ ನ್ಯಾಯಾಧಿಕರಣದ ತೀರ್ಪು ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟ ಮೇಲೆ ಉಳಿದ ಅರ್ಧದವರೂ ಗಂಟು ಕಟ್ಟಬೇಕೋ ಬಿಚ್ಚಬೇಕೋ ತಿಳಿಯದೆ ಕೂತಿದ್ದಾರೆ.

ಹಳೆ ಊರಿನಿಂದ ಎದ್ದು ಬಂದವರು ಏನೇನು ತಂದರು? ಬಾಗಿಲು, ಚೌಕಟ್ಟು, ಸಾಗವಾನಿ ಕಂಬ, ತೊಲೆ ತಂದರು. ಕೆಲವರು ಹೊಸ ಮನೆಗೆ ಕೂಡಿಸಿದರು, ಹಲವರು ಮಾರಿದರು. ಆ ಕಂಬಗಳಲ್ಲಿ ಕೆಲವು ಇಂದು ಯಾವುದೋ ದೊಡ್ಡ ಊರಿನ ರೆಸಾರ್ಟಿನಲ್ಲಿ ನಿಂತಿದ್ದರೆ ಆಶ್ಚರ್ಯವಿಲ್ಲ. ಗೂಡನ್ನು ಮಾತ್ರ ಯಾರೂ ತರಲಾಗಲಿಲ್ಲ. ಗೂಡೆಂದರೆ ಗೋಡೆಯಲ್ಲಿನ ಇಲ್ಲದ ಜಾಗ. ಅದನ್ನು ಚಕ್ಕಡಿಗೆ ಹೇರುವುದು ಹೇಗೆ? ನವನಗರದ ಒಂಬತ್ತು ಇಂಚಿನ ಗೋಡೆಗೆ ಗೂಡು ಹಿಡಿಸುವುದಿಲ್ಲ, ಕಾಂಕ್ರೀಟಿನ ತಾರಸಿಯಲ್ಲಿ ಬೆಳಕಿಂಡಿ ಇಲ್ಲ. ದೀಪಕ್ಕೆ ಗೋಡೆಯಲ್ಲಿ ಜಾಗ ತಪ್ಪಿದ ಮೇಲೆ ಅದು ನೆಲದ ಮೇಲೆ ನಿಲ್ಲಬೇಕು. ನೆಲದೀಪ ಮೂಲತಃ ಬಾಡಿಗೆದಾರನ ದೀಪ, ಗೋಡೆಗೂ ಛಾವಣಿಗೂ ಕೈ ಹಚ್ಚಲು ಹಕ್ಕಿಲ್ಲದವನ ದೀಪ. ಹುಡುಗ ಅದನ್ನು ಚಂದಕ್ಕಾಗಿ ತಂದ, ಸರಿ. ಆದರೆ ಆ ಮನೆಯಲ್ಲಿ ಅದು ಅಷ್ಟು ಸಲೀಸಾಗಿ ನಿಂತುಕೊಂಡದ್ದಕ್ಕೆ ಇದೂ ಒಂದು ಕಾರಣವಿರಬೇಕು ಎಂದು ನಮಗನಿಸುತ್ತದೆ.

ಇನ್ನು ನಕಲಿನ ಪ್ರಶ್ನೆ. ಹುಡುಗ ತಂದ ಕಮಾನು ಅಸಲಿಯೋ ನಕಲಿಯೋ ನಾವು ಹೇಳಲಾರೆವು, ಅವನೂ ಹೇಳಲಾರ. ಆರ್ಕೊದ ನಕಲುಗಳು ಲೋಕದ ತುಂಬ ಇವೆ. ಚೀನಾದಲ್ಲಿ ತಯಾರಾದ ಅಂಥದೊಂದನ್ನು ಇಟಲಿಗೆ ತರಿಸಿ ಮಾರಿದ ಸೆಮೆರಾರೊ ಎಂಬ ಕಂಪನಿಯ ಮೇಲೆ ಫ್ಲೋಸ್ ದಾವೆ ಹೂಡಿತು. ಆ ದಾವೆ ಯುರೋಪಿನ ನ್ಯಾಯಾಲಯದವರೆಗೆ ಹೋಗಿ 2011ರಲ್ಲಿ ತೀರ್ಪಾಯಿತು. ನೋಂದಣಿಯ ಅವಧಿ ತೀರಿದ ವಿನ್ಯಾಸಕ್ಕೂ ಕೃತಿಸ್ವಾಮ್ಯದ ರಕ್ಷಣೆ ಸಿಗಬಹುದೆಂಬ ಕಡೆಗೆ ಅದು ವಾಲಿತು. ದೀಪವೂ ಕವಿತೆಯಂತೆ ಒಬ್ಬನ ಕೃತಿ ಎಂದಾಯಿತು. ಒಳ್ಳೆಯದೇ. ಇಳಕಲ್ ಸೀರೆಗೆ 2007ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಒಡಲಿಗೂ ಸೆರಗಿಗೂ ಎಳೆ ಎಳೆ ಕೊಂಡಿ ಹಾಕಿ ಕೂಡಿಸುವ ಟೋಪತೆನಿ ಸೆರಗು ಅದರ ಗುರುತು. ಅದಕ್ಕೂ ಮೊದಲೇ, 1985ರಲ್ಲಿ, ಕೈಮಗ್ಗಕ್ಕೆಂದು ಕೆಲವು ಬಟ್ಟೆಗಳನ್ನು ಮೀಸಲಿಡುವ ಕಾಯಿದೆ ಬಂದಿತ್ತು. ಆದರೂ ವಿದ್ಯುತ್ ಮಗ್ಗದ ‘ಇಳಕಲ್’ ಪೇಟೆ ತುಂಬ ರಾಜಾರೋಷವಾಗಿ ಬಿಕರಿಯಾಗುತ್ತದೆ. ಒಂದು ಕಂಪನಿ ತನ್ನ ದೀಪಕ್ಕಾಗಿ ಲಕ್ಸೆಂಬರ್ಗಿನವರೆಗೆ ಹೋಗಬಲ್ಲದು, ಕುಣಿಯೊಳಗೆ ಕಾಲಿಳಿಸಿಕೊಂಡು ಮಗ್ಗಕ್ಕೆ ಕೂತ ನೇಕಾರ ತನ್ನ ಸೆರಗಿಗಾಗಿ ಹುನಗುಂದದ ಕೋರ್ಟಿಗೆ ಹೋಗುವುದೂ ಕಷ್ಟ. ಜೊತೆಗೆ, ಮಿಲಾನಿನ ದೀಪಕ್ಕೆ ಇಬ್ಬರ ಹೆಸರಿದೆ. ಟೋಪತೆನಿಗೆ ಊರಿನ ಹೆಸರಿದೆ, ಮನುಷ್ಯರ ಹೆಸರಿಲ್ಲ. ಕಾನೂನಿಗೆ ಒಬ್ಬ ಮನುಷ್ಯ ಸಿಕ್ಕರೆ ಅವನು ಕಲಾವಿದ. ಸಾವಿರ ಮನುಷ್ಯರು ಸಿಕ್ಕರೆ ಅದು ಬರೀ ಪರಂಪರೆ.

ಅಂದು ಊಟವಾದ ಮೇಲೆ ಖಾಲಾ ಮೂಲೆಯಲ್ಲಿ ನಮಾಜಿಗೆ ನಿಲ್ಲಬೇಕಿತ್ತು. ದೀಪದ ಬುಡ ಸರಿಯಾಗಿ ಅವರ ಜಾಗದಲ್ಲೇ ಕೂತಿತ್ತು. ಸರಿಸಬೇಕೆಂದಾಗ ಪೇಚಾಟ ಶುರುವಾಯಿತು. ಕಲ್ಲಿಗೆ ತೂತು ಇರಲಿಲ್ಲ. ಚಿತ್ರದಲ್ಲಿ ತೂತು ಕಂಡಿತ್ತು, ಅದು ತಂತಿಗೋ ಶೋಕಿಗೋ ಇರಬೇಕು, ಕೊರೆಸಿದರೆ ಮತ್ತಷ್ಟು ಮಜೂರಿ ಎಂದು ಹುಡುಗ ಅದನ್ನು ಬಿಡಿಸಿದ್ದ. ಮೂಲೆಗಳನ್ನು ಮೊಂಡು ಮಾಡಿಸಿದ್ದ, ಹೊಳಪು ಇಟಲಿಯದನ್ನು ಮೀರಿಸುವಂತಿತ್ತು. ಇಳಕಲ್ಲಿನ ಕಲ್ಲುಕೆಲಸದವರ ಕೈಗೆ ಅದು ಕಷ್ಟದ ಕೆಲಸವೇ ಅಲ್ಲ. ಅವರ ಕಲ್ಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆ. (ಗ್ರಾನೈಟಿನ ಸಿಲಿಕಾ ಧೂಳು ಪುಪ್ಪುಸದಲ್ಲಿ ಕೂತರೆ ಮತ್ತೆ ಹೊರಗೆ ಬರುವುದಿಲ್ಲ ಎಂಬುದನ್ನು ಇಂಥ ಹೊಳಪು ಕಂಡಾಗಲೆಲ್ಲ ನಾವು ನೆನೆಯುತ್ತೇವೆ.) ಕೊನೆಗೆ ಕಲ್ಲಿನ ಕೆಳಗೆ ಗೋಣಿತಾಟು ತೂರಿಸಿ ನಾಲ್ಕು ಜನ ಎಳೆದೆವು. ಒಬ್ಬರ ಬೆರಳು ಜಜ್ಜಿತು. ಯಾರ ಬೆರಳೆಂದು ಹೇಳುವುದಿಲ್ಲ, ಈ ಬರಹ ತಡವಾದದ್ದಕ್ಕೆ ಅದೇ ಕಾರಣ.

ತೂತಿನ ಕಥೆ ಹೇಳಿದಾಗ ಹುಡುಗನ ಮುಖ ಸಣ್ಣದಾಯಿತು. ಮರುವಾರವೇ ಕಲ್ಲನ್ನು ಇಳಕಲ್ಲಿಗೆ ಒಯ್ದು ಕೊರೆಸುತ್ತೇನೆ, ಎಷ್ಟು ಅಗಲ ಬೇಕು ಎಂದು ಕೇಳಿದ. ಕಸಬರಿಗೆಯ ಕೋಲಿನಷ್ಟು ಎಂದೆವು. ಅವನು ಒಳಗೆ ಹೋಗಿ ಕಸಬರಿಗೆ ತಂದ. ನಮ್ಮ ಕಡೆಯ ಕಸಬರಿಗೆಗೆ ಕೋಲು ಎಲ್ಲಿರುತ್ತದೆ? ಬಗ್ಗಿ ಗುಡಿಸುವ ಹೆಂಗಸಿನ ಕೈಗೆ ಒಂದು ಮುಷ್ಟಿ ಹುಲ್ಲಿನ ಕಟ್ಟು, ಅಷ್ಟೇ. ಎಲ್ಲರೂ ಅದನ್ನು ನೋಡುತ್ತ ನಿಂತೆವು. ಖಾಲಾ ಜಾನಮಾಜನ್ನು ಮಡಚಿಟ್ಟು ಎದ್ದು, ಹಿತ್ತಲ ಬಾಗಿಲ ಹಿಂದಿನಿಂದ ಒಂದು ಒನಕೆ ಎತ್ತಿಕೊಂಡು ಬಂದರು. ಹಳೆ ಊರಿನಿಂದ ತಂದದ್ದು, ಈಗ ಕುಟ್ಟುವ ಕೆಲಸವಿಲ್ಲದೆ ಬಾಗಿಲಿಗೆ ಒತ್ತು ಕೊಡಲು ಉಪಯೋಗವಾಗುತ್ತಿದೆ.

“ಇದರ ಅಳತಿ ತಗೋ,” ಅಂದರು.

ಹುಡುಗ ದಾರ ಸುತ್ತಿ ಒನಕೆಯ ದಪ್ಪ ಅಳೆದು, ಫೋನಿನಲ್ಲಿ ಬರೆದುಕೊಂಡ.